ಬರಿಗೈಯ ನೀರು

ಬಾಣಲೆಯ ತಳ ಎಷ್ಟು ಕಪ್ಪಗಿರುತ್ತದೆ ಎಂಬುದು ಎಪ್ಪತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ನನ್ನ ಹೆಂಡತಿ ಮಾದೇವಮ್ಮ ಹಿತ್ತಿಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಬೆಳಿಗ್ಗೆ ಮಗ ಚೆಂಡುಹೂವಿನ ಹೊಲಕ್ಕೆ, ಸೊಸೆ ಅಂಗನವಾಡಿಗೆ ಹೋದ ಮೇಲೆ ಹಂಗಳ ಗ್ರಾಮದ ನಮ್ಮ ಮನೆಯಲ್ಲಿ ಉಳಿಯುವುದು ಪ್ಲಾಸ್ಟರ್ ಹಾಕಿಸಿಕೊಂಡ ಮಾದೇವಮ್ಮ, ಕೈಕಾಲು ನೆಟ್ಟಗಿರುವ ನಾನು, ಮತ್ತು ಎಂಜಲು ಪಾತ್ರೆಗಳು. ಸೊಸೆ ಬಂದು ತೊಳೆಯಲಿ ಎಂದು ಮೊದಮೊದಲು ಕಾದೆ. ಆಮೇಲೊಂದು ಬೆಳಿಗ್ಗೆ ಮಾದೇವಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನೇ ಪಂಚೆ ಎತ್ತಿ ಕಟ್ಟಿ ಕೊಳಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ.

ಲೋಟ, ತಟ್ಟೆ ಸುಲಭ. ಬಾಣಲೆಯ ಸರದಿ ಬಂತು. ಕೊಳಾಯಿ ತಿರುಗಿಸಿ ಅದರ ಕೆಳಗೆ ಹಿಡಿದೆ. ನೀರು ಬಿತ್ತು, ಹರಿಯಿತು, ಹೋಯಿತು. ಮಸಿ ಇದ್ದಲ್ಲೇ ಇತ್ತು. ಇನ್ನಷ್ಟು ಹೊತ್ತು ಹಿಡಿದೆ. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮಾದೇವಮ್ಮ ಇದನ್ನೆಲ್ಲ ನೋಡುತ್ತಿದ್ದಳು.

“ಯಾನ ಅದು, ಬಾಣ್ಲಿಗ ಅಭಿಷೇಕ ಮಾಡ್ತಿದ್ದೀರಾ?” ಎಂದಳು.

“ನೆನೀಲಿ ಅಂತ.”

“ವರ್ಷ ನೆನುದ್ರೂವ ಅದು ಓಗಲ್ಲ. ಬರೀ ನೀರ್ಗ ಮಸಿ ಬುಟ್ಟದಾ? ಬೂದಿ ಹಾಕಿ, ಚೂರು ಮರಳು ಹಾಕಿ, ಉಜ್ಜಿ. ಊರ್ಗೆಲ್ಲ ನೀರಿನ ಕತ ಏಳ್ಕಂಡು ಬಂದವರ್ಗ ಇಷ್ಟೂ ಗೊತ್ತಿಲ್ವಾ?”

ಕಡೆಯ ಮಾತನ್ನು ಬೇಕೆಂದೇ ಆಡಿದ್ದು. ನನ್ನ ಕೈ ನಿಂತಿತು. ಅವಳು ಅಂದ ನೀರಿನ ಕಥೆ ಯಾವುದೆಂದು ನಿಮಗೆ ಹೇಳಿಬಿಡುತ್ತೇನೆ. ಹೇಳಬೇಕೆಂದೇ ಇದನ್ನು ಬರೆಯಲು ಕೂತಿರುವುದು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಈಗ ಅದಕ್ಕೆ ಯಾರೂ ಕುರ್ಚಿ ಎಳೆದುಕೊಡುವುದಿಲ್ಲ, ನಮ್ಮ ಕಾಲದಲ್ಲಿ ಎಳೆದುಕೊಡುತ್ತಿದ್ದರು. ಮದುವೆಮನೆಯಲ್ಲಿ ನಾಲ್ಕು ಮಾತಾಡಲು, ಗಂಡಹೆಂಡಿರ ಜಗಳಕ್ಕೆ ಹಿರಿಯರು ಸೇರಿ ನ್ಯಾಯ ಮಾಡುವಾಗ ಬುದ್ಧಿ ಹೇಳಲು, ಭೀಮನಬೀಡಿನಿಂದ ಹಿಡಿದು ಚಂದಕವಾಡಿಯವರೆಗೆ ನನ್ನನ್ನು ಕರೆಯುತ್ತಿದ್ದರು. ಹೋಗುವುದು ನನಗೂ ಇಷ್ಟವೇ. ಒಗೆದ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಹಣೆ ತುಂಬ ವಿಭೂತಿ. ಎರಡೂ ಕಡೆಯವರು ಕೂಗಾಡಿ ಸುಸ್ತಾದ ಮೇಲೆ ನಾನು ಮೆಲ್ಲಗೆ ಶುರು ಮಾಡುತ್ತಿದ್ದೆ.

“ನೋಡವ್ವ, ಕಲ್ಲು ಗಟ್ಟಿಯೋ ನೀರು ಗಟ್ಟಿಯೋ? ಕಲ್ಲು. ಆದ್ರ ಗೆದ್ದೋರು ಯಾರು? ನೀರು. ಹೊಳೆ ತಾವು ಹೋಗಿ ನೋಡು, ಅಷ್ಟು ದೊಡ್ಡ ಬಂಡೆಯ ಹೆಂಗ ಕೊರದದೆ! ಜಗಳ ಆಡಿ ಕೊರೀತಾ? ಇಲ್ಲ. ಮೆತ್ತಗಿದ್ದು, ಸೈರಿಸ್ಕಂಡು, ದಿನಾ ಹರ್ದು ಹರ್ದು ಕೊರೀತು. ನೀನೂ ನೀರಂಗ ಇರು ಕಣವ್ವ.”

ಇಲ್ಲಿಗೆ ಬರುವಷ್ಟರಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ತಲೆದೂಗುತ್ತಿದ್ದರು, ಒಳಗಿನಿಂದ ಕಾಫಿ ಬರುತ್ತಿತ್ತು. ಗಂಡಸಿಗೆ ನೀರಂತಿರು ಎಂದು ನಾನು ಯಾವತ್ತೂ ಹೇಳಿದ ನೆನಪಿಲ್ಲ. ಅವನು ಹೇಗೂ ಕಲ್ಲು. ಕಲ್ಲಿಗೆ ಬುದ್ಧಿ ಹೇಳುವುದು ಎಲ್ಲಾದರೂ ಉಂಟೆ?

ಇಷ್ಟೆಲ್ಲ ಹೇಳುತ್ತಿದ್ದವನು ಹೊಳೆ ಕೊರೆದ ಬಂಡೆಯನ್ನು ಹತ್ತಿರ ಹೋಗಿ ನೋಡಿಯೇ ಇರಲಿಲ್ಲ. ನಮ್ಮ ಕಡೆಯ ಹೊಳೆ ಗುಂಡ್ಲು ಹೊಳೆ. ವರ್ಷದಲ್ಲಿ ಬಹಳ ಕಾಲ ಅದನ್ನು ಹೊಳೆ ಎಂದು ನಂಬಿಕೆಯ ಮೇಲೆ ಕರೆಯಬೇಕು. ಹೈಸ್ಕೂಲಿನಿಂದ ಬರುವಾಗ ಅದರ ಮರಳಿನಲ್ಲಿ ನಾವು ಗೂಡು ಕಟ್ಟುತ್ತಿದ್ದೆವು. ಅಂಗೈಯಗಲ ನೀರು ಬಂದರೆ ಕಟ್ಟೆ ಹಾಕುತ್ತಿದ್ದೆವು. ಮೆದುಮಣ್ಣಿನ ಜಾಗದಲ್ಲಿ ಆ ಹೊಳೆ ಊಟ ಮುಗಿಸಿದವನ ಹಾಗೆ ಕೈಕಾಲು ಚಾಚಿ ಮಲಗುತ್ತದೆ. ಈ ವರ್ಷ ಇಲ್ಲಿ, ಮುಂದಿನ ವರ್ಷ ಆ ಹುಣಸೆಮರದ ಬುಡದಲ್ಲಿ. ಅದನ್ನು ನೋಡಿ ಬೆಳೆದವನಿಗೆ ಬಂಡೆ ಕೊರೆಯುವ ಹೊಳೆಯ ಅಂದಾಜು ಎಲ್ಲಿಂದ ಬರಬೇಕು?

ಬಂಡೀಪುರದ ಕಾಡಿನ ಆಚೆ ಮೋಯಾರ್ ನದಿಯ ಕಮರಿ ಇದೆ. ಅದನ್ನೂ ನಾನು ಕಂಡದ್ದು ತಾತನ ಬಾಯಲ್ಲಿ ಮಾತ್ರ. ತಪ್ಪಿಸಿಕೊಂಡ ದನ ಹುಡುಕಿಕೊಂಡು ಹೋದವನು, ಚಪ್ಪಟೆ ನೆಲ ಎಂದುಕೊಂಡು ನಡೆಯುತ್ತಿದ್ದಾಗ, ಪಾದದ ಮುಂದೆಯೇ ನೆಲ ಇಲ್ಲವಾಯಿತಂತೆ. ಕೆಳಗೆಲ್ಲೋ ನೀರಿನ ಸದ್ದು, ನೀರು ಕಾಣದು. “ಭೂಮ್ತಾಯಿ ಆಕಳಿಸಕ್ಕ ಅಂತ ಬಾಯಿ ಬುಟ್ಟೋಳು ಮುಚ್ಚದ ಮರ್ತ್‌ಬುಟ್ಟವ್ಳೆ ಕಣ್ಲಾ” ಎನ್ನುತ್ತಿದ್ದ ತಾತ. ಆ ಬಾಯಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ನದಿಯ ಗತಿ ಏನು ಎಂದು ನಾನು ಎಷ್ಟೋ ದಿನ ಚಿಂತೆ ಮಾಡಿದ್ದುಂಟು.

ಇನ್ನು ಗುಂಡ್ಲುಪೇಟೆ ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ನದಿಯ ಕೆಲಸ ಮೂರು ಎಂದು ಬೋರ್ಡಿನ ಮೇಲೆ ಬರೆಸಿದ್ದರು: ಸವೆತ, ಸಾಗಣೆ, ಸಂಚಯನ. ಮೂರೂ ‘ಸ’ದಿಂದ ಶುರುವಾಗುವುದರಿಂದ ಬಾಯಿಪಾಠಕ್ಕೆ ಸುಲಭ. ಸವೆತ ಎಂದರೇನು, ಹೇಗೆ ನಡೆಯುತ್ತದೆ ಎಂಬುದಕ್ಕೆ ಅರ್ಧ ಪುಟದ ಉತ್ತರ. ಅದರಲ್ಲಿ ಮೊದಲ ಸಾಲು, ನದಿಯ ನೀರು ಬಂಡೆಯನ್ನು ಸವೆಸುತ್ತದೆ ಎಂಬುದು, ನನಗೆ ನೆನಪುಳಿಯಿತು. ಮಿಕ್ಕದ್ದನ್ನು ಚಾಯ್ಸಿಗೆ ಬಿಟ್ಟೆ. ಪರೀಕ್ಷೆಗೆ ಆ ಪ್ರಶ್ನೆ ಬರಲೂ ಇಲ್ಲ. ಚಾಯ್ಸಿಗೆ ಬಿಟ್ಟ ಆ ಅರ್ಧ ಪುಟದಿಂದ ಮುಂದೆ ಒಬ್ಬ ಹುಡುಗಿಯ ಬಾಳು ಕೆಡುತ್ತದೆ ಎಂದು ಮೇಷ್ಟ್ರಾದರೂ ಹೇಗೆ ಊಹಿಸಬೇಕು?

ಆ ಹುಡುಗಿ ಸವಿತ. ನನ್ನ ತಂಗಿ ಶಿವಮ್ಮನ ಮಗಳು. ಪಿಯುಸಿಯಲ್ಲಿ ಸೈನ್ಸ್ ಓದಿದಳು, ಹೊಲಿಗೆ ಕಲಿತಳು. ಮಾತಿನಮಲ್ಲಿ. ಅವಳು ಬೇಸಿಗೆ ರಜಕ್ಕೆ ನಮ್ಮ ಮನೆಗೆ ಬಂದರೆ ರೇಡಿಯೋ ಹಾಕುವುದು ಬೇಡ ಎನ್ನುತ್ತಿದ್ದಳು ಮಾದೇವಮ್ಮ. ಅವಳನ್ನು ಚಂದಕವಾಡಿಯ ನಂಜುಂಡನಿಗೆ ಕೊಟ್ಟೆವು. ಅರಿಶಿನದ ವ್ಯಾಪಾರ. ಕುಡಿತವಿಲ್ಲ, ಇಸ್ಪೀಟಿಲ್ಲ, ಕೈ ಎತ್ತುವುದಿಲ್ಲ. ಅವನಿಗಿದ್ದದ್ದು ಒಂದೇ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ. ಸಾರಿಗೆ ಉಪ್ಪು ಜಾಸ್ತಿಯಾದರೆ ವಾರ, ತವರಿಗೆ ಹೋಗಿ ಬರುವುದು ತಡವಾದರೆ ತಿಂಗಳು. ಸವಿತ ಗುಂಡ್ಲುಪೇಟೆಯಲ್ಲಿ ಹೊಲಿಗೆ ಅಂಗಡಿ ಇಡುತ್ತೇನೆ ಎಂದಳು ನೋಡಿ, ಅವತ್ತು ಬಿಟ್ಟ ಮಾತನ್ನು ಮತ್ತೆ ಹಿಡಿಯಲೇ ಇಲ್ಲ.

ಮಾತು ಬಿಟ್ಟವನಿಗೂ ಊಟ ಬೇಕು, ಬಿಸಿನೀರು ಬೇಕು. ಅದಕ್ಕೆ ಅವನು ಕೊಟ್ಟಿಗೆಯ ಕರುವಿಗೆ ಹೇಳುತ್ತಿದ್ದ. “ಏ ಕರ, ಕಾಫಿಗ ಸಕ್ಕರ ಕಮ್ಮಿ ಅದೆ ಅಂತ ಏಳು.” “ಏ ಕರ, ನಾಳ ನಾನು ಈರೋಡ್‌ಗ ಓಯ್ತಿನಿ, ಬುತ್ತಿ ಕಟ್ಟಬೇಕು ಅಂತ ಏಳು.” ಸವಿತ ಮೊದಲ ಸಲ ಅಳುತ್ತ ಬಂದು ಇದನ್ನು ಹೇಳಿದಾಗ ನಮಗೆಲ್ಲ ನಗು ಬಂತು. ಅವಳಿಗೂ ನಗು ಬಂತು. ನಗುನಗುತ್ತಲೇ ಮತ್ತೆ ಅತ್ತಳು. ನಾನು ಕರೆದುಕೊಂಡು ಹೋಗಿ, ಚಂದಕವಾಡಿಯ ಜಗಲಿಯ ಮೇಲೆ ಕೂತು, ಕಲ್ಲುನೀರಿನ ಕಥೆ ಹೇಳಿ ಬಿಟ್ಟುಬಂದೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ಅವಳು ಅಳಲಿಲ್ಲ.

“ಮಾವ, ಇನ್ನೆಷ್ಟು ದಿನ?” ಎಂದು ಕೇಳಿದಳು, ಎಲ್ಲರ ಮುಂದೆ.

“ಹೊಳೆ ಕೇಳ್ತದಾ ಕಣಮ್ಮಿ, ಇನ್ನೆಷ್ಟು ದಿನ ಅಂತ?” ಎಂದೆ.

ನ್ಯಾಯಕ್ಕೆ ಕೂತವರೆಲ್ಲ ಭೇಷ್ ಎಂದರು. ಬೀಗರು ನನ್ನ ಬೆನ್ನು ತಟ್ಟಿದರು. ಬಸ್ಸಿನಲ್ಲಿ ಬರುವಾಗ, ಆ ಮಾತು ನನಗೆ ಹೊಳೆದದ್ದು ಹೇಗೆ ಎಂದು ನಾನೇ ಮೆಚ್ಚಿಕೊಳ್ಳುತ್ತ ಬಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯದೆ ಇರುವಂತಿಲ್ಲ.

ಹೋದ ಮಾಘದಲ್ಲಿ ಮಾದೇವಮ್ಮ ಮಾದಪ್ಪನ ಬೆಟ್ಟಕ್ಕೆ ಹೊತ್ತ ಹರಕೆ ತೀರಿಸಬೇಕೆಂದಳು. ಮಗ ವ್ಯಾನು ಗೊತ್ತು ಮಾಡಿಕೊಟ್ಟ. ನಾವಿಬ್ಬರು, ತಂಗಿ ಶಿವಮ್ಮ, ಜೊತೆಗೆ ಸವಿತ. ಅವಳನ್ನು ಕಳಿಸಿಕೊಡಿ ಎಂದಾಗ ನಂಜುಂಡ ಕರುವಿನ ಮೂಲಕ ಒಪ್ಪಿಗೆ ಕೊಟ್ಟನಂತೆ. ಪೂಜೆ ಮುಗಿಸಿ ಬೆಟ್ಟ ಇಳಿದ ಮೇಲೆ, ಇಷ್ಟು ದೂರ ಬಂದಿದ್ದೇವೆ, ಹೊಗೆನಕಲ್ ನೋಡಿಕೊಂಡು ಹೋಗನ ಎಂದವನು ನಾನೇ. ನನ್ನ ಕಥೆಯ ಹೊಳೆಯನ್ನು ಸವಿತಳಿಗೆ ತೋರಿಸಬೇಕೆಂಬ ಒಳ ಆಸೆ. ಕಣ್ಣಾರೆ ನೋಡಿದರೆ ಅವಳಿಗೆ ಇನ್ನಷ್ಟು ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ದೂರದಿಂದಲೇ ಹೊಗೆಯಂತೆ ತುಂತುರು ಏಳುತ್ತಿತ್ತು. ದಡದಲ್ಲಿ ಮೀನು ಕರಿಯುವ ವಾಸನೆ. ಮಾದೇವಮ್ಮ ಮೂಗಿಗೆ ಸೆರಗು ಹಿಡಿದು ನಡೆದಳು. ಕಾವೇರಿ ಮೇಲಿನಿಂದ ಕಣ್ಣು ಹಾಯುವಷ್ಟು ಅಗಲವಾಗಿ, ಬಂಡೆಗಳ ನಡುವೆ ನೂರು ಕವಲಾಗಿ, ಯಾವ ಅವಸರವೂ ಇಲ್ಲದೆ ಬರುತ್ತಾಳೆ. ಬಂದವಳು ಒಂದು ಕಡೆ ಧುಮುಕುತ್ತಾಳೆ. ಧುಮುಕಿದ ಮೇಲೆ ನೋಡಬೇಕು. ಅಷ್ಟೂ ನೀರು ನಮ್ಮೂರ ಓಣಿಯಂಥ ಒಂದು ಸಂದಿಯೊಳಗೆ ಸೇರಿಕೊಂಡು, ಎರಡು ಕಪ್ಪು ಗೋಡೆಗಳ ನಡುವೆ, ತಲೆ ಬಗ್ಗಿಸಿ ಹೊರಡುತ್ತದೆ. ನಾನು ಬಾಯಿ ತೆರೆದು ನಿಂತೆ. ಇಷ್ಟು ವರ್ಷ ನೋಡದೆ ಹೊಗಳಿದ್ದೆನಲ್ಲ, ನಾನು ಹೊಗಳಿದ್ದು ಏನೇನೂ ಸಾಲದಾಗಿತ್ತು.

ತೆಪ್ಪ ಹತ್ತಿದೆವು. ಬುಟ್ಟಿಯಂಥ ದುಂಡು ತೆಪ್ಪ. ಮಾದೇವಮ್ಮ ಕಣ್ಣು ಮುಚ್ಚಿ “ಮಾದಪ್ಪಾ, ಮಾದಪ್ಪಾ” ಎನ್ನುತ್ತಿದ್ದಳು. ಹುಟ್ಟು ಹಾಕುವವನು ಗಡಿಯಾಚೆಯವನು. “ಬಯಪಡಬ್ಯಾಡ ಅಮ್ಮ, ಸುಮ್ನೆ ಉಕ್ಕಾರುಂಗ” ಎಂದು ತಮಿಳು ಬೆರೆಸಿ ಅವಳನ್ನು ನಡುವೆ ಕೂರಿಸಿದ. ಕಮರಿಯೊಳಗೆ ಹೋದಮೇಲೆ ಖುಷಿಗೆಂದು ತೆಪ್ಪವನ್ನು ಗಿರಗಿರನೆ ಸುತ್ತಿಸಿದ. ಮಾದೇವಮ್ಮ ಕಿರುಚಲಿಲ್ಲ. ಕಿರುಚಿ ಸವಿತಳ ತೋಳು ಹಿಡಿದವನು ನಾನು.

“ಮಾವ, ನೀರಂಗ ಇರು ಮಾವ” ಎಂದಳು ಸವಿತ. ಎಷ್ಟೋ ಕಾಲದ ಮೇಲೆ ಅವಳು ತಮಾಷೆ ಮಾಡಿದ್ದು ಕಂಡು ಶಿವಮ್ಮ ಅಣಕದ ಅರ್ಥ ಹಿಡಿಯದೆ ನಕ್ಕಳು. ನನಗೆ ಅರ್ಥವಾಗಿ ಅವಳ ತೋಳು ಬಿಟ್ಟೆ.

ತೆಪ್ಪ ಸುತ್ತುವುದು ನಿಂತ ಮೇಲೆ ಗೋಡೆಗಳನ್ನು ನೋಡಿದೆ. ನಮ್ಮ ಹೊಲದ ಬಾವಿ ನೆನಪಾಯಿತು. ನಮ್ಮ ಕೆಂಪು ಮಣ್ಣಿನಲ್ಲಿ ಬಾವಿ ತೋಡಿದರೆ ಬದಿ ಕುಸಿಯುತ್ತದೆ. ಕಲ್ಲು ಕಟ್ಟದಿದ್ದರೆ ಎರಡು ಮಳೆಗೆ ಬಾವಿ ಕೆರೆಯಾಗುತ್ತದೆ. ಆದರೆ ಬಂಡೆಯಲ್ಲಿ ತೋಡಿದ ಬಾವಿ ತೋಡಿದ ಹಾಗೇ ನೆಟ್ಟಗೆ ನಿಲ್ಲುತ್ತದೆ. ಇಲ್ಲೂ ಹಾಗೆಯೇ. ಬಂಡೆ ಗಟ್ಟಿಯಾದ್ದರಿಂದಲೇ ಕಮರಿ ಇಷ್ಟು ಕಿರಿದು, ಇಷ್ಟು ಆಳ. ಮೆದುಮಣ್ಣಾಗಿದ್ದರೆ ಕಾವೇರಿಯೂ ನಮ್ಮ ಗುಂಡ್ಲು ಹೊಳೆಯಂತೆ ಅಗಲವಾಗಿ ಮಲಗಿಬಿಡುತ್ತಿದ್ದಳು. ಪಕ್ಕಕ್ಕೆ ದಾರಿ ಕೊಡದ ಕಲ್ಲಿನಿಂದಾಗಿ ಅವಳು ಕೆಳಕ್ಕೆ ಹೋದಳು. ಗೋಡೆಯಲ್ಲಿ ನಮ್ಮ ತಲೆಗಿಂತ ಎಷ್ಟೋ ಮೇಲೆ ನುಣ್ಣನೆಯ ಅರ್ಧ ಗುಳಿಗಳು ಕಾಣುತ್ತಿದ್ದವು. ಒಂದು ಕಾಲಕ್ಕೆ ನದಿ ಅಷ್ಟು ಎತ್ತರದಲ್ಲಿ ಹರಿಯುತ್ತಿದ್ದ ಗುರುತು. ಅಲ್ಲಲ್ಲಿ ಇನ್ನೂ ಗಟ್ಟಿಯಾದ ಕಲ್ಲಿನ ಅಡ್ಡಪಟ್ಟಿಗಳು ಸವೆಯದೆ ತಳದಲ್ಲಿ ಉಳಿದಿವೆ. ಅವುಗಳ ಮುಂದಿನ ಮೆದುಕಲ್ಲು ಸವೆದು ತಗ್ಗಾಗಿದೆ. ಅಂಥ ಕಡೆ ನೀರು ಹೊಸ್ತಿಲು ಎಡವಿದವರ ಹಾಗೆ ಮುಗ್ಗರಿಸಿ, ನೊರೆ ಕಾರಿ, ಬೈದುಕೊಂಡು ಮುಂದೆ ಓಡುತ್ತದೆ. ತೆಪ್ಪದವನು ಅಂಥ ಜಾಗಗಳ ಹತ್ತಿರವೂ ಹೋಗಲಿಲ್ಲ.

ಇಳಿದ ಮೇಲೆ ನೀರು ಬಿಟ್ಟುಹೋದ ಒಂದು ಹಾಸುಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಅಲ್ಲಿತ್ತು ನೋಡಿ ಆ ವಿಚಿತ್ರ. ಬಂಡೆಯ ತುಂಬ ಗುಳಿಗಳು. ಯಾರೋ ಕಡೆದು ಮಾಡಿದಂಥ ದುಂಡು ಗುಳಿಗಳು. ಕೆಲವು ಬಟ್ಟಲಿನಷ್ಟು, ಕೆಲವು ಅಡಿಗೆಮನೆಯ ಒರಳಿನಷ್ಟು, ಒಂದೆರಡರಲ್ಲಿ ಆಳು ಇಳಿಯಬಹುದು. ಸವಿತ ಕೈಬಾಯಿ ತೊಳೆಯಲು ಹೋದವಳು ಒಂದು ಗುಳಿಯ ಪಕ್ಕ ಬೋರಲು ಮಲಗಿ ಭುಜದವರೆಗೆ ಕೈ ಇಳಿಸಿದಳು.

“ಯಾನಮ್ಮಿ, ಮೀನಾ?” ಎಂದೆ.

“ಮೀನಲ್ಲ ಮಾವ. ಗುಂಡು!”

ಎತ್ತಿ ತೋರಿಸಿದಳು. ತೆಂಗಿನಕಾಯಿಯಷ್ಟು ದಪ್ಪದ, ಬ್ರಹ್ಮನೂ ತಿದ್ದಲಾರದಷ್ಟು ನುಣುಪಾದ ಕರಿಕಲ್ಲು.

“ಅಯ್ಯೋ ಶಿವ್ನೆ, ಯಾವ ಪುಣ್ಯಾತ್ಗಿತ್ತಿ ಇಲ್ಲಿ ಒರಳು ಮಡಗಿ ಗುಂಡು ಮರ್ತೋದ್ಲು?” ಎಂದಳು ಮಾದೇವಮ್ಮ.

“ಹೊಳೇನೆ ಅತ್ತ, ಕುಂತು ರುಬ್ಬಿರೋಳು.”

ಆಮೇಲೆ ಸವಿತ ಹೇಳಿದ್ದನ್ನು ನಾನು ನನಗೆ ತಿಳಿದಂತೆ ಬರೆಯುತ್ತೇನೆ. ಬಂಡೆಯಲ್ಲಿ ಮೊದಲೇ ಎಲ್ಲೋ ಒಂದು ಬಿರುಕಿರುತ್ತದೆ. ಪ್ರವಾಹದಲ್ಲಿ ಉರುಳಿ ಬಂದ ಕಲ್ಲೊಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನ ಸುಳಿ ಅದನ್ನು ಬಿಡುವುದಿಲ್ಲ. ಸುತ್ತಿಸುತ್ತದೆ, ಸುತ್ತಿಸುತ್ತದೆ, ಒರಳಿನಲ್ಲಿ ಗುಂಡು ತಿರುಗಿದಂತೆ. ಬಂಡೆ ಗುಳಿಯಾಗುತ್ತದೆ, ಕಲ್ಲು ದುಂಡಗಾಗುತ್ತದೆ, ಕಡೆಗೆ ತಾನೂ ಸವೆದು ಮರಳಾಗಿ ಹೋಗುತ್ತದೆ. ಮುಂದಿನ ಪ್ರವಾಹ ಇನ್ನೊಂದು ಕಲ್ಲು ತರುತ್ತದೆ. ಗುಳಿ ಆಳವಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಗುಳಿ, ಅದರ ಪಕ್ಕ ಮತ್ತೊಂದು. ಒಂದು ದಿನ ಎರಡು ಗುಳಿಗಳ ನಡುವಿನ ಗೋಡೆ ಒಡೆದು ಅವು ಕೂಡಿಕೊಳ್ಳುತ್ತವೆ. ಹಾಗೆ ಕೂಡಿ ಕೂಡಿ ಕಾಲುವೆಯಾಗುತ್ತದೆ. ಹರಡಿಕೊಂಡಿದ್ದ ನೀರೆಲ್ಲ ಆ ಕಾಲುವೆಗೆ ನುಗ್ಗುತ್ತದೆ. ನುಗ್ಗಿದ್ದಕ್ಕೆ ರಭಸ ಬರುತ್ತದೆ, ರಭಸಕ್ಕೆ ಇನ್ನೂ ದೊಡ್ಡ ಕಲ್ಲು ಹೊತ್ತು ತರುವ ಕಸುವು ಬರುತ್ತದೆ. ನಾವು ತೆಪ್ಪದಲ್ಲಿ ಹೋದ ಕಮರಿ ಹೀಗೆ ಆದದ್ದು. ಅವಳು ಹೇಳುತ್ತಿದ್ದರೆ ನಾನು ಆ ಗುಳಿಗಳ ಸಾಲನ್ನು ನೋಡಿದೆ. ಇನ್ನೂ ಕೂಡದ ಎರಡು ಗುಳಿಗಳ ನಡುವೆ ದೋಸೆಯಷ್ಟು ತೆಳ್ಳನೆಯ ಗೋಡೆ ಉಳಿದಿತ್ತು. ನದಿ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದು ಹೋದಂತಿತ್ತು. ಎಂಥ ಕೆಲಸ! ಮೈಮೇಲೆ ಮುಳ್ಳೆದ್ದವು.

ಅದೇ ಹೊತ್ತಿಗೆ ಚಾಯ್ಸಿಗೆ ಬಿಟ್ಟ ಅರ್ಧ ಪುಟವೂ ನೆನಪಿಗೆ ಬಂತು. ‘ನದಿಯು ತಾನು ಹೊತ್ತು ತಂದ ಕಲ್ಲು, ಮರಳುಗಳಿಂದ ಬಂಡೆಯನ್ನು ಉಜ್ಜಿ ಸವೆಸುತ್ತದೆ.’ ಮೇಷ್ಟ್ರು ಬರೆಸಿದ್ದರು. ನಮ್ಮವ್ವ ದಿನಾ ಹಳ್ಳದ ಮರಳಿನಲ್ಲಿ ಮಸಿಗಡಿಗೆ ಉಜ್ಜುವುದನ್ನೂ ನೋಡಿದ್ದೆ. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ.

“ಮಾವ” ಎಂದಳು ಸವಿತ. ಗುಂಡನ್ನು ಇನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. “ನೀನು ಯಾನ ಏಳ್ತಿದ್ದೆ? ಮೆತ್ತಗಿದ್ದು, ಸೈರಿಸ್ಕಂಡು ನೀರು ಕಲ್ಲ ಕೊರೀತು ಅಂತ ತಾನೆ? ನೋಡು, ನೀರ ಕೈಲಿ ಕಲ್ಲದೆ. ಬರಿಗೈಲಿ ಬಂದಿದ್ರ ಮೇಲಾಸಿ ಅರ್ಕಂಡು ಓಗದು ಅಷ್ಟೆ. ಬಂಡ ಮೈ ತೊಳ್ಕಂಡು ತಣ್ಣಗ ಕೂತಿರದು. ನನ್ನ ಗಂಡ ಕೂತವ್ನಲ್ಲ, ಅಂಗ.”

ಶಿವಮ್ಮ ಗಾಬರಿಯಾದಳು. “ಅಂಗಂದ್ರ ಗಂಡನ್ಗ ಕಲ್ಲಲ್ಲಿ ಒಡಿಬೇಕು ಅಂತಿದ್ದಿಯಾ ಅಮ್ಮಿ?”

“ಇಲ್ಲ ಕಣವ್ವ. ಒಡ್ದು ನಾನೇನ್ ಮಾಡ್ಲಿ? ಈ ಸಂದಿ ಆಗಕ್ಕ ಎಷ್ಟು ವರ್ಷ ಇಡೀತು, ಮಾವನ್ನ ಕೇಳು.”

“ಸಾವ್ರಾರು... ಲಕ್ಷಾಂತರ ಇರ್ಬೋದು” ಎಂದೆ.

“ಹೊಳೆಗ ಏಜ್ ಲಿಮಿಟ್ ಇಲ್ಲ ಮಾವ. ನಂಗದೆ.”

ಮಾದೇವಮ್ಮ ಸುಮ್ಮನೆ ಬುತ್ತಿಯ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಇಷ್ಟು ಹೊತ್ತು ಆ ಹುಡುಗಿ ಮಾತಾಡುತ್ತಿದ್ದಳಲ್ಲ, ಗುಳಿ, ಸುಳಿ, ಬಿರುಕು ಎಂದು ಕೈ ಆಡಿಸಿ, ಕಣ್ಣರಳಿಸಿ, ಹಳೆಯ ಬೇಸಿಗೆ ರಜದ ಹುಡುಗಿಯಂತೆ. ಇಂಥವಳನ್ನು ಮೂರು ಸಲ ಮಾತಿಲ್ಲದ ಮನೆಗೆ ಹಿಂದಕ್ಕೆ ಬಿಟ್ಟುಬಂದವನು ನಾನು.

“ತಪ್ಪು ಏಳ್ಬುಟ್ಟೆ ಕಣಮ್ಮಿ” ಎಂದೆ.

ಅವಳು ಕರಗಲಿಲ್ಲ. ಕಲ್ಲನ್ನು ಮೆಲ್ಲಗೆ ಅದರ ಗುಳಿಯೊಳಕ್ಕೆ ಇಳಿಸಿ ಕೈ ಒರೆಸಿಕೊಂಡಳು.

“ಇಲ್ಲಿ ನನ್ನ ಕಿವಿಗ ಏಳ್ಬುಟ್ರ ಆಯ್ತಾ ಮಾವ? ನೀನು ಬುದ್ಧಿ ಏಳಿದ್ದು ಜಗಲಿ ಮೇಲ, ಎಲ್ಲರ ಮುಂದ. ತಪ್ಪು ಅಂತಲೂ ಅಲ್ಲೇ ಏಳು.”

ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಹೆದರಿಕೆಯಾಯಿತು. ಕ್ಷಮೆ ಕೇಳುವುದು ಸುಲಭ, ಮರ್ಯಾದೆ ಕಳೆದುಕೊಳ್ಳುವುದು ಕಷ್ಟ. ನನಗೆ ಬೇರೆ ಆಸ್ತಿ ಏನಿದೆ? ಒಂದು ಬಿಳಿ ಪಂಚೆ, ಒಂದು ಕಥೆ. ಸವಿತ ಚಂದಕವಾಡಿಗೆ ಹಿಂದಿರುಗಿದಳು. ನಾನು ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ದಿನ ದೂಡಿದೆ. ಯುಗಾದಿ ಕಳೆದ ಮೇಲೆ ಅವಳೇ ಬ್ಯಾಗು ಹಿಡಿದು ತವರಿಗೆ ಬಂದಳು. ಬೀಗರು ನ್ಯಾಯ ಸೇರಿಸಿದರು. ನನಗೂ ಕರೆ ಬಂತು.

ಅದೇ ಜಗಲಿ. ಕಂಬಕ್ಕೆ ಒರಗಿ ನಂಜುಂಡ ನೆಲ ನೋಡುತ್ತಿದ್ದ. ಇವರು ಹೀಗೆಂದರು, ಅವರು ಹಾಗೆಂದರು. ಎಲ್ಲ ಮುಗಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸುಮ್ಮನೆ ಕೂತಿರುವುದು ಕಂಡು ಯಾರೋ ಒಬ್ಬರು ನೆನಪಿಸಿದರು: “ಏಳಿ ಬುದ್ಧಿ, ಆ ನೀರಿಂದು.”

“ನೀರು ಕಲ್ಲ ಕೊರಿಯಲ್ಲ” ಎಂದೆ.

“ಆಂ?”

“ನಾನು ಸುಳ್ಳು ಏಳಿದ್ದೆ. ಬರೀ ನೀರು ಕಲ್ಲ ಕೊರಿಯಲ್ಲ. ಹೋಗಿ ನೋಡ್ಕಬಂದೆ.”

“ಯಾನ ಬುದ್ಧಿ, ಬೆಟ್ಟಕ್ಕ ಓಗ್ಬಂದು ತಲ ಕೆಟ್ಟೋಯ್ತಾ?” ಎಂದು ಒಬ್ಬ ಕೂಗಿದ. ನಗು ಎದ್ದಿತು. ನಾನು ಗುಳಿ, ಗುಂಡು, ಸುಳಿ ಎಂದು ಏನೇನೋ ಹೇಳಿದೆ. ಸವಿತ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ. “ನನ್ನ ಮಾತ್ಗ ಈ ಹುಡುಗಿ ಮೂರು ಸಲ ವಾಪಸ್ ಬಂದವ್ಳೆ. ಮೂರು ಸಲವೂ ತಪ್ಪು ನಂದು. ಇನ್ನು ನಾನು ಏಳದಿಲ್ಲ. ಯಾನ ಬೇಕು ಅಂತ ಅವಳ ಕೇಳಿ” ಎಂದು ಕೂತುಬಿಟ್ಟೆ.

ಸವಿತ ಬಾಗಿಲಿನಿಂದ ಮುಂದೆ ಬಂದಳು. ಗಂಡನ ಎದುರು ನಿಂತಳು. “ನಂಗ ಒಂದು ಮಾತು ಬೇಕು. ನೀವೇ ಆಡ್ಬೇಕು. ಇರು ಅನ್ನಿ, ಓಗು ಅನ್ನಿ. ಕರುವಿನ ಕೈಲಿ ಏಳಿಸ್ಬೇಡಿ.”

ನಂಜುಂಡ ತಲೆ ಎತ್ತಿದ. ಅವನ ಗಂಟಲು ಆಡಿತು. ಏನೋ ಬರುತ್ತದೆ ಎಂದು ಎಲ್ಲರೂ ಕಾದೆವು. ಶಿವಮ್ಮ ಕೈ ಮುಗಿದುಕೊಂಡಿದ್ದಳು. ನಾನೂ ಒಳಗೇ ಮಾದಪ್ಪನನ್ನು ನೆನೆದೆ. ಒಂದು ಮಾತು ಸಾಕಿತ್ತು, ಅವಳು ಉಳಿಯುತ್ತಿದ್ದಳು. ಅವನು ಪಕ್ಕದಲ್ಲಿದ್ದ ತಂದೆಯ ಕಡೆ ತಿರುಗಿದ.

“ಅಪ್ಪ, ಅವ್ಳಗ ಏಳು...”

ಮುಂದೆ ಏನು ಹೇಳಬೇಕೆಂದಿದ್ದನೋ, ಅದನ್ನು ಕೇಳಲು ಸವಿತ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು. ನಾವು ಹಿಂದೆ ಓಡಿದೆವು. ಅವತ್ತು ಒಳಗಿನಿಂದ ಕಾಫಿ ಬರಲಿಲ್ಲ.

ಆಮೇಲೆ ನನ್ನನ್ನು ಯಾರೂ ನ್ಯಾಯಕ್ಕೆ ಕರೆದಿಲ್ಲ. ಮದುವೆಗಳಿಗೆ ಕರೆಯುತ್ತಾರೆ, ಊಟ ಹಾಕಿ ಕಳಿಸುತ್ತಾರೆ. ಹೊಗೆನಕಲ್ ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ. ಮಳೆಗಾಲ ಶುರುವಾದಾಗಿನಿಂದ ಆ ಗುಳಿಗಳಲ್ಲಿ ಈಗ ಗುಂಡುಗಳು ಹೇಗೆ ಸುತ್ತುತ್ತಿರಬಹುದು, ಆ ದೋಸೆಯಂಥ ಗೋಡೆ ಈ ವರ್ಷ ಒಡೆಯಬಹುದೇ ಎಂದು ಯೋಚಿಸುತ್ತೇನೆ. ಆಗೆಲ್ಲ, ನನ್ನ ಕಥೆ ಕೇಳಿ ಕಣ್ಣೊರೆಸಿಕೊಂಡು ಹಿಂದಿರುಗಿದ ಇನ್ನೆಷ್ಟು ಹೆಣ್ಣುಮಕ್ಕಳಿದ್ದಾರೋ ಎಂಬುದೂ ನೆನಪಾಗುತ್ತದೆ. ಹೆಸರು ಮರೆತಿದ್ದೇನೆ, ಊರು ಮರೆತಿದ್ದೇನೆ. ಎಲ್ಲರ ಜಗಲಿಗೂ ಹೋಗಲಾರೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ತಾಯಿ, ನಾನು ಹೇಳಿದ್ದು ತಪ್ಪು.

ಸವಿತ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹಿಂದೆ ಅಂಗಡಿ ಇಟ್ಟಿದ್ದಾಳೆ. ಒಂದು ಮಿಷನ್ನು, ಒಂದು ಕನ್ನಡಿ, ಎರಡು ಸ್ಟೂಲು. ಮೊನ್ನೆ ಮಾದೇವಮ್ಮನ ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋದಾಗ ಅವಳನ್ನು ಅಲ್ಲೇ ಸರದಿಯಲ್ಲಿ ಕೂರಿಸಿ ಆ ಕಡೆ ಹೋದೆ. ಅಂಗಡಿ ಇನ್ನೂ ದೂರವಿರುವಾಗಲೇ ಸವಿತಳ ಗಂಟಲು ಕೇಳಿಸಿತು. ಗಿರಾಕಿಯ ಜೊತೆ ಜಗಳ.

“ಅಕ್ಕ, ನಾನು ಅಳತೆ ಬ್ಲೌಸ್ ತತ್ತಾ ಅಂದಾಗ ನೀ ತಂದ್ಕೊಟ್ಟಿದ್ದು ನಿನ್ನ ಮದುವೆದು! ಆಗ ನೀನೆಂಗಿದ್ದೆ, ಈಗೆಂಗಿದ್ದಿಯೆ?”

“ಯಾನಮ್ಮಿ, ನಾನು ದಪ್ಪ ಆಗಿವ್ನಿ ಅಂತಿಯಾ?”

“ನಾನ್ಯಾಕ ಅನ್ಲಿ? ಬ್ಲೌಸೇ ಅಂತಾ ಅದೆ!”

ನಾನು ರಸ್ತೆಯಲ್ಲೇ ನಿಂತೆ. ಬಿಸಿಲು ನೆತ್ತಿ ಸುಡುತ್ತಿತ್ತು, ಆಟೋದವನು ದಾರಿ ಬಿಡೆಂದು ಹಾರನ್ ಹೊಡೆದ. ಒಂದಕ್ಕೆ ಎರಡು ಸೇರಿಸಿ, ಅಡ್ಡ ಮಾತಿಗೆ ಅಡ್ಡ ಮಾತು ಕೊಟ್ಟು, ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದೆ ಅವಳು ಮಾತಾಡುತ್ತಿದ್ದಳು. ಅಷ್ಟರಲ್ಲಿ ನನ್ನನ್ನು ನೋಡಿಬಿಟ್ಟಳು.

“ಏನ್ ಮಾವ, ಬುದ್ಧಿ ಏಳಕ್ಕ ಬಂದ್ಯಾ?”

“ಇಲ್ಲ ಕಣಮ್ಮಿ. ಕೇಳಕ್ಕ ಬಂದೆ.”

“ಅಂಗಾರ ಆ ಸ್ಟೂಲ್ ಎಳ್ಕಂಡು ಕೂತ್ಕ” ಎಂದು ಹೇಳಿ, ಗಿರಾಕಿಯ ಕಡೆ ತಿರುಗಿ, ಜಗಳವನ್ನು ಬಿಟ್ಟಲ್ಲಿಂದ ಶುರು ಮಾಡಿದಳು.